ಜಾವಾಸ್ಕ್ರಿಪ್ಟ್ ತಾರೀಖು ತಪ್ಪಿದ್ದೆಲ್ಲಿ

ಜಾವಾಸ್ಕ್ರಿಪ್ಟ್‌ಗೆ "2015-06-01" ಎಂದು ಕೊಟ್ಟರೆ ಅದನ್ನು ಯುಟಿಸಿ ಕಾಲಮಾನದ ನಡುರಾತ್ರಿ ಎಂದು ಓದುತ್ತದೆ. "2015/06/01" ಎಂದರೆ ಬಳಕೆದಾರರ ಊರಿನ ನಡುರಾತ್ರಿ. ಮೊದಲನೆಯದು ನ್ಯೂಯಾರ್ಕಿನ ಪರದೆಯಲ್ಲಿ ಮೇ 31 ಆಗಿ ಕಾಣುತ್ತದೆ. ಇದಕ್ಕೆ ಎಲ್ಲರೂ ಹೇಳುವ ಕಾರಣ ಅವಸರ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಭಾಷೆಯ ಮೊದಲ ರೂಪ ಕಟ್ಟಿದರು. ತಾರೀಖಿನ ಭಾಗ ಜಾವಾದಿಂದ ಬಂತು. ತಿಂಗಳನ್ನು ಸೊನ್ನೆಯಿಂದ ಎಣಿಸುವ ರೂಢಿಯೂ ಅದರ ಜೊತೆಗೇ ಬಂತು. ಅದು ಇನ್ನೂ ಹಳೆಯ ಸಿ ಭಾಷೆಯದು. ಎರವಲು ನಿಜ. ಆದರೆ ಜಾವಾ 1997ರಲ್ಲೇ ಬರಹವನ್ನು ತಾರೀಖಾಗಿ ಓದುವ ತನ್ನ ಪಾರ್ಸಿಂಗ್ ವಿಧಾನವನ್ನು ಬಳಸಬಾರದ್ದೆಂದು ಗುರುತಿಸಿತು. ಜಾವಾಸ್ಕ್ರಿಪ್ಟ್‌ನಲ್ಲಿ ಮಾತ್ರ ಅದು ಉಳಿಯಿತು. ಅವಸರವೊಂದೇ ಕಾರಣವಾಗಿದ್ದರೆ, ಬಿಡುವಾಗಿ ಕೂತು ಯೋಚಿಸಿದಾಗಲಾದರೂ ಸರಿಹೋಗಬೇಕಿತ್ತು.

ಹಾಗಾಗಲಿಲ್ಲ. 2009ರ ಜಾವಾಸ್ಕ್ರಿಪ್ಟ್ ಮಾನದಂಡ ಐಎಸ್ಓ ಮಾದರಿಯನ್ನು ಸೇರಿಸಿ, ಕಾಲವಲಯ ಬರೆಯದಿದ್ದರೆ ಯುಟಿಸಿ ಎಂದು ತಿಳಿಯಿರಿ ಎಂದಿತು. 2015ರದು ಸ್ಥಳೀಯ ಕಾಲ ಎಂದಿತು. 2016ರದು ತಾರೀಖಷ್ಟೇ ಇದ್ದರೆ ಯುಟಿಸಿ, ಗಂಟೆಯೂ ಇದ್ದರೆ ಸ್ಥಳೀಯ ಎಂದು ಎರಡನ್ನೂ ಉಳಿಸಿಕೊಂಡಿತು. ತಜ್ಞರ ಸಮಿತಿಯೇ ಏಳು ವರ್ಷಗಳಲ್ಲಿ ಮೂರು ತೀರ್ಮಾನ ಮಾಡಿತೆಂದರೆ ತೊಡಕು ಇನ್ನೂ ಆಳದಲ್ಲಿರಬೇಕು. ಆ ಭಾಷೆಯ ಡೇಟ್ ತನ್ನೊಳಗೆ ಇಟ್ಟುಕೊಳ್ಳುವುದು ಒಂದೇ ಸಂಖ್ಯೆ: 1970ರ ಜನವರಿ 1ರ ಯುಟಿಸಿ ನಡುರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳು. ಅದು ಕಾಲದ ಒಂದು ಕ್ಷಣ. ಹುಟ್ಟಿದ ತಾರೀಖು, ಸಾಲದ ಕಂತಿನ ತಾರೀಖು ಕ್ಷಣಗಳಲ್ಲ, ಇಡೀ ದಿನಗಳು. ಅವಕ್ಕೆ ಗಂಟೆಯೂ ಇಲ್ಲ, ಕಾಲವಲಯವೂ ಇಲ್ಲ. ಡೇಟ್‌ನೊಳಗೆ ಹಿಡಿಸಬೇಕಾದರೆ ಯಾವುದಾದರೊಂದು ಊರಿನ ನಡುರಾತ್ರಿಯನ್ನು ಅಂಟಿಸಲೇಬೇಕು. ಯಾವ ಊರನ್ನು ಆರಿಸಿದರೂ ಬೇರೆಲ್ಲೋ ಒಬ್ಬರಿಗೆ ದಿನ ತಪ್ಪುತ್ತದೆ.

ಪಾರ್ಸರ್ ಬಿಗಿಯಾಗಿದ್ದರೆ ಸಾಕಿತ್ತು ಎನ್ನುವವರಿದ್ದಾರೆ. "ಹಲೋ 1" ಎಂದು ಇಂಗ್ಲಿಷಿನಲ್ಲಿ ಕೊಟ್ಟರೆ ಕ್ರೋಮ್ ಅದನ್ನು 2001ರ ಜನವರಿ 1 ಎಂದು ಓದುತ್ತಿದ್ದ ಸಡಿಲಿಕೆಯನ್ನು ಸಮರ್ಥಿಸಲಾಗದು. ಆದರೆ ಬಿಗಿ ಮಾಡಿದರೆ ತಪ್ಪು ಬರಹ ಹೊರಗುಳಿಯುತ್ತದೆಯೇ ಹೊರತು, ಸರಿಯಾಗಿ ಬರೆದ "2015-06-01" ಯಾವ ಊರಿನದೆಂಬ ಪ್ರಶ್ನೆ ಹಾಗೇ ಇರುತ್ತದೆ. ಬೆಂಗಳೂರಿನ ಪ್ರೋಗ್ರಾಮರ್‌ಗಳಿಗೆ ಇದು ಕಣ್ಣಿಗೆ ಬೀಳುವುದೂ ಕಷ್ಟ. ಯುಟಿಸಿ ನಡುರಾತ್ರಿ ಇಲ್ಲಿ ಅದೇ ದಿನ ಬೆಳಗಿನ 5:30. ಪರೀಕ್ಷೆಯಲ್ಲಿ ತಾರೀಖು ಸರಿಯಾಗೇ ಬರುತ್ತದೆ, ದೋಷ ಅಮೆರಿಕದ ಗ್ರಾಹಕರ ಬಳಿ ಬಯಲಾಗುತ್ತದೆ. ಇಲ್ಲಿನ ನಡುರಾತ್ರಿಯನ್ನು ಯುಟಿಸಿಗೆ ಬದಲಿಸಿದರೆ ಮಾತ್ರ ಹಿಂದಿನ ದಿನದ 18:30 ಆಗಿ, ನಮ್ಮ ತಾರೀಖೂ ಒಂದು ದಿನ ಹಿಂದೆ ಸರಿಯುತ್ತದೆ. 2025ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್‌ಗೆ ಬಂದ, ತಾರೀಖು-ಕಾಲಗಳಿಗೆಂದೇ ಇರುವ ಜಾವಾಸ್ಕ್ರಿಪ್ಟ್‌ನ ಹೊಸ ಸೌಲಭ್ಯ ಟೆಂಪೊರಲ್‌ನಲ್ಲಿ ದಿನಕ್ಕೊಂದು, ಕ್ಷಣಕ್ಕೊಂದು ಬೇರೆಬೇರೆ ಮಾದರಿಗಳಿವೆ. ಹಳೆಯ ಡೇಟನ್ನು ಅದು ತಿದ್ದಿಲ್ಲ. ಅದನ್ನೇ ನಂಬಿದ ಲೆಕ್ಕವಿಲ್ಲದಷ್ಟು ಜಾಲಪುಟಗಳು ಇನ್ನೂ ನಡೆಯುತ್ತಿವೆ.