ಕಂಪ್ಯೂಟರ್ ಜಾಲದ ಪಾಠಕ್ಕೆ ಹೊರಟವರಿಗೆ ಚರಿತ್ರೆಯ ಬುತ್ತಿ

ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳು ಈಗ ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ವಡ್ಡು, ತೋರಣಗಲ್ಲು, ಸಂಡೂರು, ಕಂಪ್ಲಿಗಳಿಂದ ಬಳ್ಳಾರಿಗೋ ಹೊಸಪೇಟೆಗೋ ಎಂಜಿನಿಯರಿಂಗ್ ಓದಲು ಹೋಗುವವರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಕಲಿತವರೂ ಇದ್ದಾರೆ. ರಜೆಗೆ ಊರಿಗೆ ಬಂದಾಗ ಮಾತನಾಡಿಸಿಕೊಂಡು ಹೋಗುವ ಈ ಮಕ್ಕಳ ಬಾಯಲ್ಲಿ ಒಂದು ಮಾತನ್ನು ಹಲವು ಸಲ ಕೇಳಿದ್ದೇನೆ: "ಮುಂದಿನ ಸೆಮಿಸ್ಟರಿಗೆ ಕಂಪ್ಯೂಟರ್ ನೆಟ್‌ವರ್ಕ್ಸ್ ಬರುತ್ತದಂತೆ ಸರ್. ಅದರಲ್ಲಿ ಬರೀ ಇಂಗ್ಲಿಷ್ ಹ್ರಸ್ವಾಕ್ಷರಗಳಂತೆ. ಬಾಯಿಪಾಠ ಮಾಡದೆ ಗತಿಯಿಲ್ಲವಂತೆ." ಈ ಅಂಜಿಕೆ ಹೋಗಲಾಡಿಸಬೇಕೆಂದು ಅವರ ಪಠ್ಯಪುಸ್ತಕಗಳನ್ನೇ ತರಿಸಿಕೊಂಡು ಓದಿದೆನು. ಓದಿ ಮುಗಿಸಿದಾಗ ನನಗೆ ಅನ್ನಿಸಿದ್ದು ಇಷ್ಟು: ಇದು ಮೂಲತಃ ಒಂದು ಚರಿತ್ರೆಯ ಪಾಠ. ಅದರ ಒಂದೊಂದು ನಿಯಮದ ಹಿಂದೆಯೂ ಯಾವುದೋ ಒಂದು ಕಾಲದಲ್ಲಿ ಯಾರಿಗೋ ಎದುರಾದ ನಿಜವಾದ ತೊಡಕು ಇದೆ. ಆ ತೊಡಕನ್ನು ಮೊದಲು ತಿಳಿದುಕೊಂಡರೆ ಹೆಸರುಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದು 1998ರಲ್ಲಿ. ಅದರ 2018 ಮತ್ತು 2022ರ ಪಠ್ಯಕ್ರಮಗಳಲ್ಲಿ ಕಂಪ್ಯೂಟರ್ ವಿಜ್ಞಾನದವರಿಗೆ ಈ ವಿಷಯವು ಐದನೆಯ ಸೆಮಿಸ್ಟರಿನಲ್ಲಿ ಬರುತ್ತದೆ. ಪಾಠವು ಐದು ಘಟಕಗಳಲ್ಲಿ ಹಂಚಿಕೆಯಾಗಿದ್ದು, ಜೊತೆಗೆ ಪ್ರಯೋಗಶಾಲೆಯೂ ಇರುತ್ತದೆ. ವೈಫೈ ಪೆಟ್ಟಿಗೆಯನ್ನು ರಿಪೇರಿ ಮಾಡುವುದನ್ನಾಗಲೀ ಜಾಲತಾಣ ಕಟ್ಟುವುದನ್ನಾಗಲೀ ಇಲ್ಲಿ ಕಲಿಸುತ್ತಾರೆಂದು ಭಾವಿಸಬೇಡಿರಿ. ಒಬ್ಬರನ್ನೊಬ್ಬರು ಅರಿಯದ ಕೋಟ್ಯಂತರ ಯಂತ್ರಗಳು ಯಾವ ಒಪ್ಪಂದದ ಮೇಲೆ ಮಾತನಾಡುತ್ತವೆ ಎಂಬುದೇ ಇಲ್ಲಿಯ ವಿಷಯ. ಆ ಒಪ್ಪಂದಕ್ಕೆ ಪ್ರೋಟೋಕಾಲ್ ಎಂದು ಹೆಸರು.

ಮೊದಲ ವಾರದಲ್ಲಿಯೇ ಎದುರಾಗುವ ಪ್ರಶ್ನೆ, ಸಂದೇಶವನ್ನು ಸಾಗಿಸುವುದು ಹೇಗೆ ಎಂಬುದು. ಹಿಂದಿನ ಟ್ರಂಕ್ ಕಾಲ್ ನಿಮ್ಮ ತಂದೆತಾಯಿಗಳಿಗೆ ನೆನಪಿರಬಹುದು. ಮಾತು ಮುಗಿಯುವವರೆಗೆ ಒಂದು ತಂತಿಮಾರ್ಗವು ಇಬ್ಬರಿಗೇ ಮೀಸಲು. ಇಬ್ಬರೂ ಸುಮ್ಮನಿದ್ದರೂ ಮೂರನೆಯವರಿಗೆ ಅದು ಸಿಗದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಪಾಲ್ ಬರಾನ್ ಎಂಬವರು, ಯುದ್ಧದಲ್ಲಿ ಕೆಲವು ಕೇಂದ್ರಗಳು ನಾಶವಾದರೂ ಉಳಿದವು ಸಂಪರ್ಕದಲ್ಲಿರಬೇಕೆಂಬ ಉದ್ದೇಶದಿಂದ, ಸಂದೇಶವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು ಸಿಕ್ಕ ದಾರಿಯಲ್ಲಿ ಕಳಿಸುವ ಯೋಚನೆ ಮುಂದಿಟ್ಟರು. ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ 1965ರಲ್ಲಿ ಬೇರೆಯೇ ಉದ್ದೇಶದಿಂದ ಅದೇ ತೀರ್ಮಾನಕ್ಕೆ ಬಂದರು. ತುಂಡಿಗೆ ಪ್ಯಾಕೆಟ್ ಎಂದು ಹೆಸರಿಟ್ಟವರು ಅವರೇ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೋಯಿತು. ಕಳಿಸಬೇಕಾಗಿದ್ದ ಪದ 'ಲಾಗಿನ್'. ಇಂಗ್ಲಿಷಿನ ಮೊದಲೆರಡು ಅಕ್ಷರ ತಲುಪುವಷ್ಟರಲ್ಲಿ ಯಂತ್ರ ಕೆಟ್ಟು ನಿಂತಿತು! ಸುಮಾರು ಒಂದು ಗಂಟೆಯ ಅನಂತರ ಪೂರ್ತಿ ಪದ ಹೋಯಿತು. ಜಗತ್ತಿನ ಜಾಲ ಹುಟ್ಟಿದ್ದೇ ಹೀಗೆ ತೊದಲುತ್ತ ಎಂಬುದನ್ನು ಮರೆಯದಿರಿ.

ಎರಡನೆಯದಾಗಿ ಬರುವುದು ಪದರಗಳ ವಿಚಾರ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1984ರಲ್ಲಿ ಪ್ರಕಟಿಸಿದ ಏಳು ಪದರಗಳ ಮಾದರಿಯನ್ನು ನೋಡಿ ಅನೇಕರು ಗಾಬರಿಯಾಗುತ್ತಾರೆ. ಅಂಚೆಯನ್ನು ನೆನೆಯಿರಿ. ಪತ್ರ ಬರೆಯುವವನಿಗೆ ರೈಲಿನ ವೇಳಾಪಟ್ಟಿ ಬೇಕಿಲ್ಲ. ಅಂಚೆಚೀಲ ಹೊರುವವನಿಗೆ ಪತ್ರದ ಒಕ್ಕಣೆ ಬೇಕಿಲ್ಲ. ಒಬ್ಬೊಬ್ಬರದು ಒಂದೊಂದು ಕೆಲಸ. ರೈಲಿನ ಬದಲು ಬಸ್ಸು ಬಂದರೂ ಪತ್ರ ಬರೆಯುವ ಕ್ರಮ ಬದಲಾಗದು. ಪದರಗಳ ತಿರುಳು ಇಷ್ಟೇ. ವಿಳಾಸದ ಮಾತೂ ಅಂಚೆಯದೇ. ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹೊಸಪೇಟೆಯ 583201 ಎಂಬುದರಲ್ಲಿ ಮೊದಲ ಅಂಕಿ ವಲಯವನ್ನು, ಮೊದಲ ಮೂರು ಅಂಕಿಗಳು ಬಳ್ಳಾರಿಯ ವಿಂಗಡಣಾ ಜಿಲ್ಲೆಯನ್ನು, ಕೊನೆಯ ಮೂರು ಬಟವಾಡೆಯ ಕಚೇರಿಯನ್ನು ಸೂಚಿಸುತ್ತವೆ. ದೆಹಲಿಯಲ್ಲಿ ವಿಂಗಡಿಸುವವರಿಗೆ ಹೊಸಪೇಟೆಯ ಬೀದಿಗಳು ಗೊತ್ತಿರಬೇಕಿಲ್ಲ, ಮೊದಲ ಅಂಕಿಗಳು ಸಾಕು. ಜಾಲದ ರೂಟರ್ ಎಂಬ ಯಂತ್ರವೂ ಐಪಿ ವಿಳಾಸದ ಮುಂಭಾಗವನ್ನಷ್ಟೇ ನೋಡಿ ದಾರಿ ತೋರಿಸುತ್ತದೆ. 32 ಬಿಟ್‌ಗಳ ಹಳೆಯ ವಿಳಾಸಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳಿದ್ದವು. ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲಿ ಮುಗಿದುಹೋಯಿತು. 128 ಬಿಟ್‌ಗಳ ಹೊಸ ಪದ್ಧತಿಯನ್ನು ಕಲಿಸುವುದು ಆ ಕಾರಣದಿಂದ.

ಲೆಕ್ಕಗಳೂ ಇವೆ, ಹೆದರಬೇಕಾದವೇನಲ್ಲ. ಪರೀಕ್ಷೆಯಲ್ಲಿ ವಿಳಂಬದ ಲೆಕ್ಕ ಬಂದಾಗ ತೋರಣಗಲ್ಲಿನ ರೈಲ್ವೆ ಗೇಟಿನಲ್ಲಿ ನಿಂತಿರುವಂತೆ ಭಾವಿಸಿಕೊಳ್ಳಿರಿ. ಅದಿರು ತುಂಬಿದ ಗೂಡ್ಸ್ ಗಾಡಿಯ ಎಲ್ಲ ವ್ಯಾಗನ್ನುಗಳು ಗೇಟು ದಾಟಲು ಹಿಡಿಯುವ ಹೊತ್ತು ಒಂದು. ಅದೇ ಗಾಡಿಯ ಎಂಜಿನ್ನು ಹೊಸಪೇಟೆ ಮುಟ್ಟಲು ಹಿಡಿಯುವ ಹೊತ್ತು ಇನ್ನೊಂದು. ಮೊದಲನೆಯದು ಗಾಡಿಯ ಉದ್ದಕ್ಕೆ, ಎರಡನೆಯದು ದಾರಿಯ ಉದ್ದಕ್ಕೆ ಸಂಬಂಧಿಸಿದ್ದು. 1,000 ಬೈಟ್, ಅಂದರೆ 8,000 ಬಿಟ್‌ಗಳ ಪ್ಯಾಕೆಟ್ಟನ್ನು ಸೆಕೆಂಡಿಗೆ 10 ಲಕ್ಷ ಬಿಟ್ ಸಾಗಿಸುವ ಮಾರ್ಗಕ್ಕೆ ಏರಿಸಲು 8 ಮಿಲಿಸೆಕೆಂಡು ಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ, 300 ಕಿಲೋಮೀಟರ್ ದೂರಕ್ಕೆ ಒಂದೂವರೆ ಮಿಲಿಸೆಕೆಂಡು ಸಾಕು. ಇವೆರಡನ್ನೂ ಬೆರೆಸದಿದ್ದರೆ ಅರ್ಧ ಲೆಕ್ಕ ಗೆದ್ದಂತೆ.

ಪ್ರಯೋಗಶಾಲೆಯಲ್ಲಿ ತಪ್ಪು ಪತ್ತೆಹಚ್ಚುವ ಸಿಆರ್‌ಸಿ ಎಂಬ ಪ್ರೋಗ್ರಾಮನ್ನು ಬರೆಸುತ್ತಾರೆ. ಗುಣಾಕಾರ ಸರಿಯೋ ತಪ್ಪೋ ಎಂದು 9ರಿಂದ ಭಾಗಿಸಿದ ಶೇಷಗಳನ್ನು ತಾಳೆ ನೋಡುವ ಕ್ರಮವನ್ನು ನನ್ನ ತರಗತಿಯಲ್ಲಿ ಕಲಿತವರಿಗೆ ಇದರ ತತ್ವ ಹೊಸದಲ್ಲ. ಕಳಿಸುವವನು ಒಂದು ಗೊತ್ತಾದ ಭಾಜಕದಿಂದ ಭಾಗಿಸಿ ಶೇಷವನ್ನು ಜೊತೆಗಿಡುತ್ತಾನೆ; ಪಡೆದವನು ತಾನೂ ಭಾಗಿಸಿ ನೋಡುತ್ತಾನೆ. ವೆಸ್ಲಿ ಪೀಟರ್ಸನ್ 1961ರಲ್ಲಿ ಇದನ್ನು ಬಿಟ್‌ಗಳಿಗೆ ಒಗ್ಗಿಸಿದರು. ದಾರಿ ಹುಡುಕುವ ಬೆಲ್‌ಮನ್-ಫೋರ್ಡ್ ಕ್ರಮವೂ ಹಾಗೆಯೇ ಸರಳವಾದುದು: ಪ್ರತಿಯೊಂದು ರೂಟರು ತನ್ನ ನೆರೆಯವರಿಗೆ ಮಾತ್ರ ತನಗೆ ಗೊತ್ತಿರುವ ದೂರಗಳನ್ನು ಹೇಳುತ್ತದೆ. ಆದರೆ ಈ ಬಗೆಯ ಬಾಯಿಮಾತಿನ ಸುದ್ದಿಯಲ್ಲಿ, ದಾರಿ ಕಡಿದುಹೋಯಿತೆಂಬ ಕೆಟ್ಟ ಸುದ್ದಿ ಬಹಳ ನಿಧಾನವಾಗಿ ಹರಡುತ್ತದೆ. ಅಮೆರಿಕದ ಮೊದಲ ಜಾಲವು 1979ರಲ್ಲಿ ಇದನ್ನು ಕೈಬಿಟ್ಟು, ಪ್ರತಿ ಕೇಂದ್ರವೂ ಇಡೀ ಜಾಲದ ನಕ್ಷೆಯನ್ನೇ ಇಟ್ಟುಕೊಳ್ಳುವ ಕ್ರಮಕ್ಕೆ ಹೋಯಿತು. ಪುಸ್ತಕದಲ್ಲಿ ಎರಡು ಕ್ರಮಗಳಿರುವುದು ಏಕೆಂದು ಇನ್ನು ಕೇಳಬೇಕಿಲ್ಲ.

ಇಡೀ ವಿಷಯದಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆದ ಅಧ್ಯಾಯವು ದಟ್ಟಣೆಯದು. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಿನ ಮಾರ್ಗದಲ್ಲಿ ಸೆಕೆಂಡಿಗೆ 32,000 ಬಿಟ್‌ಗಳ ಹರಿವು 40 ಬಿಟ್‌ಗಳಿಗೆ ಕುಸಿಯಿತು. ಅವೆರಡರ ನಡುವಿನ ಅಂತರ ಕೇವಲ 400 ಗಜ! ತಂತಿ ತುಂಡಾಗಿರಲಿಲ್ಲ, ಯಂತ್ರಗಳು ಕೆಟ್ಟಿರಲಿಲ್ಲ. ಆದದ್ದು ಇಷ್ಟು: ನೂಕುನುಗ್ಗಲಿನಲ್ಲಿ ಪ್ಯಾಕೆಟ್ಟುಗಳು ಕಳೆದುಹೋದವು, ಕಳೆದದ್ದನ್ನು ಕಳಿಸಿದವರೆಲ್ಲ ಮತ್ತೆ ಕಳಿಸಿದರು, ಅದರಿಂದ ನೂಕುನುಗ್ಗಲು ಇನ್ನೂ ಹೆಚ್ಚಿತು.

ತುಂಗಭದ್ರಾ ಕಾಲುವೆಯ ಬದಿಯಲ್ಲಿ ಬದುಕಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ತಮಗೆ ಸಾಲದೆಂದು ಎಳೆದಷ್ಟೂ ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಕಾಲುವೆಯಲ್ಲಾದರೆ ತೂಬು ಏರಿಸಿ ಇಳಿಸಲು ನೀರಗಂಟಿ ಇರುತ್ತಾನೆ. ಈ ಜಾಲಕ್ಕೆಲ್ಲ ಒಬ್ಬ ನೀರಗಂಟಿಯಿಲ್ಲ. ವ್ಯಾನ್ ಜೇಕಬ್‌ಸನ್ ಎಂಬವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸೂಚಿಸಿದ ಉಪಾಯವೆಂದರೆ, ಪ್ರತಿಯೊಬ್ಬ ಕಳಿಸುವವನೂ ತಾನೇ ನೀರಗಂಟಿಯಾಗುವುದು. ಮೊದಲು ಒಂದೇ ಪ್ಯಾಕೆಟ್ ಕಳಿಸು. ತಲುಪಿದ ಉತ್ತರ ಬಂದರೆ ಎರಡು, ಆಮೇಲೆ ನಾಲ್ಕು, ಎಂಟು. ಒಂದು ಮಿತಿ ಮುಟ್ಟಿದ ಮೇಲೆ ಒಂದೊಂದಾಗಿ ಮಾತ್ರ ಏರಿಸು. ಪ್ಯಾಕೆಟ್ ಕಳೆದುಹೋದರೆ ಮುಂದೆ ದಾರಿ ಕಿಕ್ಕಿರಿದಿದೆಯೆಂದು ತಿಳಿದು, ಆಗ ಕಳಿಸುತ್ತಿದ್ದುದರ ಅರ್ಧವನ್ನೇ ಹೊಸ ಮಿತಿಯಾಗಿ ಇಟ್ಟುಕೊ. ಯಾರ ಅಪ್ಪಣೆಯೂ ಇಲ್ಲದೆ, ಮುಖ ಕಾಣದ ಇತರರಿಗಾಗಿ ತನ್ನ ಪಾಲನ್ನು ತಾನೇ ತಗ್ಗಿಸಿಕೊಳ್ಳುವ ಈ ಸಂಯಮವು ಮುಂದೆ ಬಹಳಷ್ಟು ತಿದ್ದುಪಡಿಗಳನ್ನು ಕಂಡಿದೆಯಾದರೂ, ಅದರ ತತ್ವ ಇಂದಿಗೂ ಜಾಲವನ್ನು ಕುಸಿಯದಂತೆ ಕಾಯುತ್ತಿದೆ. ನಾಗರಿಕತೆ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಪೌರನೀತಿಯ ಪಾಠದಲ್ಲಿಯೂ ನಾನು ಕೊಡಲಾರೆ.

ಇದೆಲ್ಲವೂ ಪರದೇಶದ ಕಥೆಯೆಂದು ತಿಳಿಯಬೇಡಿರಿ. ಬೆಂಗಳೂರಿನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಕೇಂದ್ರ ತೆರೆದು ಉಪಗ್ರಹದ ಮೂಲಕ ಅಮೆರಿಕಕ್ಕೆ ಸಂಪರ್ಕ ಪಡೆದುಕೊಂಡಿತು. 1986ರಲ್ಲಿ ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಶಿಕ್ಷಣ ಜಾಲವನ್ನು ಆರಂಭಿಸಿತು. ಅದರಲ್ಲಿ ಪಾಲ್ಗೊಂಡ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಬರ್ಕ್ಲಿಯಲ್ಲಿ ಜಾಲ ಕುಸಿದ ವರ್ಷವೂ ನಮ್ಮಲ್ಲಿ ಅರ್ನೆಟ್ ಮೊದಲಾದ ವರ್ಷವೂ ಒಂದೇ ಎಂಬುದನ್ನು ಗಮನಿಸಿರಿ. ನಾವು ಬಹಳ ತಡವಾಗಿ ಬಂದವರೇನಲ್ಲ.

ಕೊನೆಯದಾಗಿ, ಭಾಷೆಯ ಅಂಜಿಕೆಯ ಬಗ್ಗೆ ಎರಡು ಮಾತು. ಈ ಜಾಲದ ನಿಯಮಗಳು ಆರ್‌ಎಫ್‌ಸಿ ಎಂಬ ದಾಖಲೆಗಳಲ್ಲಿವೆ. ಅವುಗಳ ಮೊದಲನೆಯದನ್ನು 1969ರ ಏಪ್ರಿಲಿನಲ್ಲಿ ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಬರೆದನು. ಆ ಹೆಸರಿನ ಅರ್ಥ 'ಅಭಿಪ್ರಾಯ ಕೋರಿಕೆ' ಎಂದು. ಆಜ್ಞೆಯೆಂದಾಗಲೀ ಶಾಸನವೆಂದಾಗಲೀ ಹೆಸರಿಡಲಿಲ್ಲ. ಅವುಗಳನ್ನು ಓದಲು ಹಣ ಕೊಡಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ದೊಡ್ಡ ಸಂಸ್ಥೆಯ ಎಂಜಿನಿಯರು ಓದುವ ದಾಖಲೆಯನ್ನೇ ವಡ್ಡಿನ ಹುಡುಗಿಯೂ ಓದಬಹುದು. ಅಲ್ಲಿಯ ಇಂಗ್ಲಿಷ್ ಕಥೆ ಕಾದಂಬರಿಗಳ ಇಂಗ್ಲಿಷಿಗಿಂತ ಸುಲಭ. ಒಂದು ಪದಕ್ಕೆ ಒಂದೇ ಅರ್ಥ. ಮೊದಲು ತೊಡಕನ್ನು ಕನ್ನಡದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿರಿ, ಅನಂತರ ಪರಿಹಾರದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳಿರಿ. ಪ್ರತಿ ಅಧ್ಯಾಯಕ್ಕೂ ಒಂದು ಇಸವಿ, ಒಂದು ತೊಡಕು, ಒಂದು ಉಪಾಯ ಎಂದು ಮೂರು ಸಾಲಿನ ಪಟ್ಟಿ ಮಾಡಿರಿ. ತಿಳಿಯದ್ದನ್ನು ಮುಂದಿನ ಬೆಂಚಿನವರಂತೆ ಎದ್ದುನಿಂತು ಕೇಳಿರಿ. ಕನ್ನಡದಲ್ಲಿ ಕೇಳಿದ ಪ್ರಶ್ನೆಯೂ ಪ್ರಶ್ನೆಯೇ.

ಪಾಲಕರಾದ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಮಕ್ಕಳಿಗೆ ಓದಿಸಬೇಕೆಂದು ಕೋರುತ್ತೇನೆ. ಮಕ್ಕಳೆಲ್ಲರಿಗೂ ಶುಭವಾಗಲಿ.