ಮಡಚುವ ಮಂಚ, ಮುಪ್ಪಿನ ವ್ಯಾನು

ಎಂಬತ್ತರ ದಶಕದಲ್ಲಿ ಕಾಳಿ ನದಿಗೆ ಹೆದ್ದಾರಿಯ ಸೇತುವೆ ಬರುವ ಮುನ್ನ, ಗೋವೆಯ ಕಡೆಯಿಂದ ಕಾರವಾರಕ್ಕೆ ಬರುವ ವಾಹನಗಳು ಸದಾಶಿವಗಡದ ದಡದಲ್ಲಿ ಕಾದು ನಿಂತು, ಬಾರ್ಜ್ ಏರಿ, ಕೋಡಿಬಾಗದಲ್ಲಿ ಇಳಿಯುತ್ತಿದ್ದವು. 1975ರ ಕ್ರಿಸ್‌ಮಸ್ ರಜೆಯಲ್ಲಿ, ನಾನು ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದಾಗ, ಹಾಗೆ ಇಳಿದ ವ್ಯಾನೊಂದು ಅಲ್ಲಿಯ ತೆಂಗಿನಮರಗಳ ಕೆಳಗೆ ಮೂರು ದಿನ ಬೀಡುಬಿಟ್ಟಿತು. ಕಿತ್ತಳೆ ಬಣ್ಣದ ಮೈ, ಮುಂಭಾಗದಲ್ಲಿ ತಟ್ಟೆಯಗಲದ ದುಂಡು ಲಾಂಛನ, ಕೊಡೆಯಂತೆ ಮೇಲೆದ್ದು ನಿಲ್ಲುವ ಛಾವಣಿ. ಒಳಗೆ ಜರ್ಮನಿಯ ಯುವ ದಂಪತಿ. ಇಂಗ್ಲಿಷ್ ಬಲ್ಲವನೆಂಬ ಹುಸಿ ಕೀರ್ತಿಯಿದ್ದ ನನ್ನನ್ನು ಕೇರಿಯವರು ದುಭಾಷಿಯಾಗಿ ನೇಮಿಸಿದರು.

ಎರಡು ದೃಶ್ಯಗಳು ಮನಸ್ಸಿನಲ್ಲಿ ಅಚ್ಚೊತ್ತಿ ಉಳಿದಿವೆ. ಮೊದಲನೆಯದು: ಬೆಳಗಿನ ಜಾವ, ಮಂಜು ಆರುವ ಮುನ್ನ, ಆ ಮನುಷ್ಯ ವ್ಯಾನಿನ ಹಿಂಬದಿಯಲ್ಲಿ ಅಂಗಾತ ಮಲಗಿ, ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಎಂಜಿನ್ನಿನೊಳಗೆ ತೂರಿಸಿ ಏನನ್ನೋ ಅಳೆಯುತ್ತಿದ್ದುದು. ಹಗಲಲ್ಲಿ ಮಾಡಬಾರದೇ ಎಂದು ಕೇಳಿದೆ. ನಕ್ಕು ಎಂಜಿನ್ನನ್ನು ಮುಟ್ಟಿ ತೋರಿಸಿದ. ಅದು ತಣ್ಣಗಿತ್ತು. ಆ ಉತ್ತರದ ಅರ್ಥ ನನಗಾದದ್ದು ಬಹಳ ವರ್ಷಗಳ ನಂತರ.

ಎರಡನೆಯದು ಅವರ ಮಂಚದ ಕಥೆ. ಹಗಲಿಗೆ ಆಸನ, ಇರುಳಿಗೆ ಮಂಚವಾಗಬೇಕಿದ್ದ ಹಲಗೆ ಬಿಜಾಗರಿಯಿಂದ ಕಿತ್ತುಬಂದಿತ್ತು. ನಮ್ಮ ಕೇರಿಯ ಆಚಾರಿ ಬಂದು ನೋಡಿದರು. ಬೆರಳಿನಿಂದ ಹಲಗೆಯ ಅಂಚನ್ನು ಉಜ್ಜಿದಾಗ ಅದು ಹೊಟ್ಟಿನಂತೆ ಉದುರಿತು. “ತಮ್ಮಾ, ಅವರಿಗೆ ಹೇಳು. ಬಿಜಾಗರಿ ಹಾಳಾಗಿಲ್ಲ. ಸ್ಕ್ರೂ ಕಚ್ಚಲಿಕ್ಕೆ ಈ ಹಲಗೆಯಲ್ಲಿ ಜೀವವೇ ಇಲ್ಲ” ಎಂದರು. ಬಿಜಾಗರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ತಿಳಿದಿರಲಿಲ್ಲ. ತಿಳಿಯಬೇಕಾಗಿಯೂ ಬರಲಿಲ್ಲ. ಅವರಿಬ್ಬರೂ ಬೆರಳು ತೋರಿಸಿ, ತಲೆಯಾಡಿಸಿ ಎಲ್ಲವನ್ನೂ ಮಾತಾಡಿ ಮುಗಿಸಿದ್ದರು. ಸಂಜೆಯ ಹೊತ್ತಿಗೆ ಹಲಸಿನ ಹಲಗೆ ಬಂದು ಕೂತಿತು. ಮಂಚ ಮಡಚಿತು.

ಮೂರು ದಶಕಗಳ ಕಾಲ ಇತಿಹಾಸ ಪಾಠ ಮಾಡಿದ ನಾನು ಮಕ್ಕಳಿಗೆ ಹೇಳಿದ್ದು ಹೆಚ್ಚಾಗಿ ರಾಜರ, ಯುದ್ಧಗಳ, ಒಪ್ಪಂದಗಳ ಕಥೆ. ಆ ವ್ಯಾನಿನ ಕಥೆಯನ್ನು ತರಗತಿಯಲ್ಲಿ ಹೇಳಲಿಲ್ಲ. ಅದಕ್ಕೂ ಒಂದು ಇತಿಹಾಸವಿದೆ. ಇಂದು ಅದನ್ನು ಹೇಳುತ್ತೇನೆ.

ವಿಹಾರಕ್ಕಾಗಿಯೇ ಕಟ್ಟಿದ ಸಂಚಾರಿ ಮನೆಗಳ ಕಥೆ ಕುದುರೆಗಳಿಂದ ಆರಂಭವಾಗುತ್ತದೆ. 1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕ ಬ್ರಿಟನ್ನಿನಲ್ಲಿ ‘ವಾಂಡರರ್’ ಎಂಬ ಗಾಡಿಯನ್ನು ಕಟ್ಟಿಸಿಕೊಂಡು ಸ್ಕಾಟ್‌ಲೆಂಡಿನವರೆಗೆ ಪ್ರವಾಸ ಹೋದ. ಸೇವಕರನ್ನೂ ಕುದುರೆಗಳನ್ನೂ ಸಾಕಬಲ್ಲವನ ವಿನೋದ ಅದು. 1910ರಲ್ಲಿ ಅಮೆರಿಕದ ಪಿಯರ್ಸ್-ಆ್ಯರೋ ಸಂಸ್ಥೆ, ಹಿಂದಿನ ಆಸನವನ್ನು ಮಡಚಿದರೆ ಹಾಸಿಗೆಯಾಗುವ ಮೋಟಾರು ಗಾಡಿಯನ್ನು ಪ್ರದರ್ಶನಕ್ಕಿಟ್ಟಿತು. ಅದೂ ಸಿರಿವಂತರದೇ. ಸಾಮಾನ್ಯ ಸಂಸಾರಿಗೆ ಚಕ್ರದ ಮೇಲಿನ ಮಂಚ ದೊರಕಲು ಎರಡನೆಯ ಮಹಾಯುದ್ಧ ಮುಗಿಯಬೇಕಾಯಿತು.

ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಮೂಲ ಹಿತಕರವಾದುದಲ್ಲ. 1938ರಲ್ಲಿ ನಾಜಿ ಆಡಳಿತದ ಪ್ರತಿಷ್ಠೆಯ ಯೋಜನೆಯಾಗಿ ಅದರ ಅಡಿಗಲ್ಲು ಬಿತ್ತು. ಯುದ್ಧಕಾಲದಲ್ಲಿ ಅಲ್ಲಿ ಸಾವಿರಾರು ಜನರನ್ನು ಜೀತದಂತೆ ದುಡಿಸಲಾಯಿತು. 1945ರ ನಂತರ ಕಾರ್ಖಾನೆ ಬ್ರಿಟಿಷ್ ಸೇನೆಯ ವಶಕ್ಕೆ ಬಂದು, ಮೇಜರ್ ಐವನ್ ಹರ್ಸ್ಟ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಮತ್ತೆ ಉಸಿರಾಡತೊಡಗಿತು. ಸಾಮಾನು ಸಾಗಿಸಲು ಕಾರ್ಮಿಕರು ಅಲ್ಲಿಯೇ ಜೋಡಿಸಿಕೊಂಡಿದ್ದ ಬೋಳು ಬಂಡಿಗಳನ್ನು ಕಂಡ ಬೆನ್ ಪೊನ್ ಎಂಬ ಡಚ್ ವ್ಯಾಪಾರಿ, 1947ರ ಏಪ್ರಿಲ್ 23ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಚಿತ್ರ ಗೀಚಿದ: ರೊಟ್ಟಿಯ ದಿಮ್ಮಿಯಂಥ ಪೆಟ್ಟಿಗೆ, ಮುಂದೆ ಚಾಲಕ, ಹಿಂದೆ ಎಂಜಿನ್, ನಡುವೆ ಸಾಮಾನು. 1950ರ ಮಾರ್ಚಿನಲ್ಲಿ ಆ ಗೀಚು ವ್ಯಾನಾಗಿ ಕಾರ್ಖಾನೆಯಿಂದ ಹೊರಬಂತು. 25 ಅಶ್ವಶಕ್ತಿಯ, ಗಾಳಿಯಿಂದಲೇ ತಂಪಾಗುವ ಎಂಜಿನ್. ರೇಡಿಯೇಟರ್ ಇಲ್ಲ, ಕುದಿಯಲು ನೀರೂ ಇಲ್ಲ.

ಇದಕ್ಕೆ ಮಂಚ ಕೂಡಿಸಿದ್ದು ವೆಸ್ಟ್‌ಫಾಲಿಯಾ. 1844ರಲ್ಲಿ ಕಮ್ಮಾರಸಾಲೆಯಾಗಿ ಆರಂಭವಾಗಿ, ಕುದುರೆಗಾಡಿಗಳನ್ನು ಮಾಡಿಕೊಂಡಿದ್ದ ಸಂಸ್ಥೆ ಅದು. 1951ರಲ್ಲಿ ಅದು ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಮರದ ಸಾಮಗ್ರಿಯನ್ನು ತಂದಿತು. ಅದರ ಜಾಣ್ಮೆಯನ್ನು ಗಮನಿಸಿ: ಅದನ್ನು ವ್ಯಾನಿನೊಳಗೆ ಇಡಬಹುದು, ತೆಗೆಯಬಹುದು. ವಾರದ ದಿನಗಳಲ್ಲಿ ಸರಕು ಹೊರುವ ಗಾಡಿ, ಭಾನುವಾರ ಸಂಸಾರದ ಮನೆ. ಯುದ್ಧದಿಂದ ಜರ್ಝರಿತವಾದ ದೇಶದಲ್ಲಿ ದುಡಿಮೆಗೊಂದು, ವಿಹಾರಕ್ಕೊಂದು ವಾಹನ ಕೊಳ್ಳುವ ಶಕ್ತಿ ಯಾರಿಗಿತ್ತು? ಮಡಚುವ ಮಂಚ ಬಡತನದೊಳಗಿನ ಲೆಕ್ಕಾಚಾರದಿಂದ ಹುಟ್ಟಿತೇ ಹೊರತು ಭೋಗದಿಂದಲ್ಲ.

ಅರವತ್ತು-ಎಪ್ಪತ್ತರ ದಶಕಗಳಲ್ಲಿ ಇಂಥ ವ್ಯಾನುಗಳು ಇಸ್ತಾಂಬುಲ್, ಟೆಹರಾನ್, ಹೆರಾತ್, ಕಾಬೂಲ್, ಖೈಬರ್ ಕಣಿವೆ, ಲಾಹೋರ್ ಹಾದು ಭಾರತಕ್ಕೆ ಬಂದವು. ಕೆಲವು ಗೋವೆಗೆ, ಅಲ್ಲಿಂದ ನಮ್ಮ ಕರಾವಳಿಗೂ ಇಳಿದವು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ. ಅಲ್ಲಿಗೆ ಆ ದಾರಿ ಮುಚ್ಚಿತು.

ಜರ್ಮನಿಯಿಂದ ಕಾರವಾರಕ್ಕೆ ರಸ್ತೆಯಲ್ಲಿ ಒಂಬತ್ತು-ಹತ್ತು ಸಾವಿರ ಕಿ.ಮೀ. ದಾರಿಯುದ್ದಕ್ಕೂ ಆ ಮಾದರಿಯನ್ನು ಬಲ್ಲ ಗ್ಯಾರೇಜುಗಳು ಇರಲಿಲ್ಲ. ಮಾಲೀಕನೇ ಮೆಕ್ಯಾನಿಕ್ ಆಗಬೇಕಿತ್ತು. ಕೋಡಿಬಾಗದ ಆ ಮುಂಜಾವಿನ ಅರ್ಥ ಇಲ್ಲಿದೆ. ಈ ಹಳೆಯ ಎಂಜಿನ್ನುಗಳಲ್ಲಿ ಸುಮಾರು ಐದು ಸಾವಿರ ಕಿ.ಮೀ.ಗೊಮ್ಮೆ ವಾಲ್ವ್‌ಗಳ ಸಂದನ್ನು ಅಳೆದು ಸರಿಪಡಿಸಬೇಕು. ಹೆಚ್ಚಿನವುಗಳಲ್ಲಿ ಆ ಸಂದು 0.15 ಮಿ.ಮೀ. ಬಿಸಿಯಾದ ಲೋಹ ಹಿಗ್ಗುವುದರಿಂದ ಎಂಜಿನ್ ಪೂರ್ಣ ತಣಿದಿರುವಾಗಲೇ ಅಳೆಯಬೇಕು. ಸಂದು ಇಲ್ಲವಾದರೆ ವಾಲ್ವ್ ಸರಿಯಾಗಿ ಮುಚ್ಚದು. ಮುಚ್ಚದಿದ್ದರೆ ಅದರ ಬಿಸಿ ಇಳಿದುಹೋಗದು. ಕೊನೆಗೆ ವಾಲ್ವ್ ಸುಟ್ಟು ಮುರಿದು ಎಂಜಿನ್ನನ್ನೇ ಕೊಲ್ಲುತ್ತದೆ. ಹಾಗೆಯೇ ಡೈನಮೋವನ್ನೂ ತಂಪುಗಾಳಿಯ ಪಂಖವನ್ನೂ ತಿರುಗಿಸುವುದು ಒಂದೇ ಬೆಲ್ಟು. ಚಾಲಕನ ಮುಂದೆ ಡೈನಮೋದ ಕೆಂಪು ದೀಪ ಹತ್ತಿದರೆ ‘ಮುಂದಿನ ಊರಿನಲ್ಲಿ ನೋಡೋಣ’ ಎನ್ನುವಂತಿಲ್ಲ. ಬೆಲ್ಟು ಹರಿದಿದ್ದರೆ ಗಾಳಿಯೂ ನಿಂತಿದೆ ಎಂದೇ ಅರ್ಥ. ಹಳತಾಗಿ ಬಿರಿದ ಪೆಟ್ರೋಲಿನ ರಬ್ಬರ್ ಕೊಳವೆಗಳು ಇನ್ನೂ ಅಪಾಯಕಾರಿ. ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕಿದ ಪೆಟ್ರೋಲಿಗೆ ಸುಟ್ಟುಹೋದ ವ್ಯಾನುಗಳಿಗೆ ಲೆಕ್ಕವಿಲ್ಲ.

ಇದನ್ನೆಲ್ಲ ಸಾಮಾನ್ಯರಿಗೆ ಕಲಿಸಿದ ಪುಸ್ತಕವೊಂದು 1969ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಜಾನ್ ಮ್ಯೂರ್ ಎಂಬ ಎಂಜಿನಿಯರ್ ಬರೆದ ‘ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್’. ಪೀಟರ್ ಆ್ಯಶ್‌ವಾಂಡನ್ ಅವರ ಚಿತ್ರಗಳು. ಏನೂ ತಿಳಿಯದ ದಡ್ಡನಿಗಾಗಿ ಎಂದು ಶೀರ್ಷಿಕೆಯಲ್ಲಿಯೇ ಹಾಸ್ಯವಾಗಿ ಹೇಳಿಕೊಂಡ ಪುಸ್ತಕವದು. ಬಿ.ಎಡ್. ತರಗತಿಯಲ್ಲಿ ‘ಮಾಡಿ ಕಲಿ’ ಎಂಬ ತತ್ತ್ವವನ್ನು ನಾವು ಪರೀಕ್ಷೆಗಾಗಿ ಉರುಹೊಡೆದೆವು. ಮ್ಯೂರ್ ಅದನ್ನು ಎಣ್ಣೆ ಮೆತ್ತಿದ ಕೈಗಳಿಗೆ ತಲುಪಿಸಿದ.

ಈಗ ಮಂಚಕ್ಕೆ ಬರುತ್ತೇನೆ. ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ವರ್ಷಗಳ ಹಿಂದೆ 1974ರ ವ್ಯಾನೊಂದನ್ನು ಕೊಂಡ. ಒಳಗೆ ಏನೂ ಇಲ್ಲದ ಬೋಳು ಗಾಡಿ. ಚಕ್ರದ ಮೇಲಿನ ಕಮಾನು, ಬ್ಯಾಟರಿಯ ತಟ್ಟೆ, ಮುಂಗಾಜಿನ ಕೆಳಂಚು, ಎಲ್ಲೆಲ್ಲೂ ತುಕ್ಕು. ಅದನ್ನು ಗೆದ್ದ ಮೇಲೆ ಮಂಚ ಮಾಡಲು ಹೊರಟ. ಇಂಗ್ಲಿಷಿನವರು ‘ರಾಕ್ ಅಂಡ್ ರೋಲ್’ ಎಂದು ಕರೆಯುವ ವಿನ್ಯಾಸ: ಆಸನವನ್ನು ಮುಂದಕ್ಕೆಳೆದರೆ ಬೆನ್ನೊರಗು ಹಿಂದಕ್ಕೆ ಮಲಗಿ, ಎಂಜಿನ್ನಿನ ಮೇಲಿನ ಜಗಲಿಗೆ ಸಮನಾಗಿ ಕೂಡುತ್ತದೆ. ಆಸನ, ಬೆನ್ನೊರಗು, ಜಗಲಿ, ಮೂರೂ ಸೇರಿ ಆರಡಿ ಉದ್ದದ ಹಾಸಿಗೆ.

ಅವನ ಮೊದಲ ಮಂಚ ಮಡಚಲೇ ಇಲ್ಲ! ಬರಿಯ ಹಲಗೆಯಾಗಿ ಸೊಗಸಾಗಿ ಮಡಚಿದ್ದು, ಮೆತ್ತೆ ಹೊದಿಸಿದ ಕೂಡಲೇ ಅರ್ಧಕ್ಕೆ ನಿಂತಿತು. ಹತ್ತು ಸೆಂಟಿಮೀಟರ್ ದಪ್ಪದ ಎರಡು ಮೆತ್ತೆಗಳು ಮೂಲೆಯಲ್ಲಿ ಒಂದರೊಡನೊಂದು ಗುದ್ದಾಡಿದವು. ಹಲಗೆಯ ಲೆಕ್ಕ ಹಾಕಿದ್ದನೇ ಹೊರತು ಮೆತ್ತೆಯ ಲೆಕ್ಕ ಹಾಕಿರಲಿಲ್ಲ. ಬಿಜಾಗರಿ ತಿರುಗುವ ಬಿಂದು ಮೆತ್ತೆಯ ಮೇಲ್ಮೈಯ ಮಟ್ಟಕ್ಕೆ ಬರಬೇಕು, ಇಲ್ಲವೇ ಒಂದು ಮೆತ್ತೆಯನ್ನು ಅದರ ದಪ್ಪದಷ್ಟು ಗಿಡ್ಡ ಮಾಡಬೇಕು. ಎರಡನೆಯ ಸಲ ಅವನು ಮೊದಲು ರಟ್ಟಿನಲ್ಲಿ ಮಾದರಿ ಮಾಡಿಕೊಂಡ.

ಫೋನಿನಲ್ಲಿ ಇದನ್ನೆಲ್ಲ ವಿವರಿಸುತ್ತ, “ಸರ್, ಅಗ್ಗವೆಂದು ಹೊಟ್ಟಿನ ಹಲಗೆ ತಂದರೆ ಹೇಗೆ?” ಎಂದು ಕೇಳಿದ. ನನಗೆ ಐವತ್ತು ವರ್ಷ ಹಿಂದಿನ ಆಚಾರಿಯ ಬೆರಳು ಕಣ್ಣಮುಂದೆ ಬಂತು. ಮರದ ಹೊಟ್ಟನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಅಂಚಿನಲ್ಲಿ ಸ್ಕ್ರೂ ನಿಲ್ಲದು. ವಾಹನದ ನಡುಕ, ಉಸಿರಿನ ತೇವ ಎರಡೂ ಅದಕ್ಕೆ ವೈರಿಗಳು. “ಪ್ಲೈವುಡ್ ತಾ. ಬಿಜಾಗರಿಗೆ ಸ್ಕ್ರೂ ಬೇಡ, ಹಾದುಹೋಗುವ ಬೋಲ್ಟ್ ಹಾಕು” ಎಂದೆ. ಅವನು ಮೆತ್ತೆಯ ಕೆಳಗಿನ ಹಲಗೆಯಲ್ಲಿ ಸಾಲುರಂಧ್ರಗಳನ್ನು ಕೊರೆದ. ರಾತ್ರಿಯ ತೇವ ಆರದಿದ್ದರೆ ಮೆತ್ತೆಗೆ ಬೂಷ್ಟು ಹಿಡಿಯುತ್ತದೆ. ಪ್ರಯಾಣಿಕರ ಸೀಟ್ ಬೆಲ್ಟನ್ನು ಮಾತ್ರ ಮರಕ್ಕೆ ಬಿಗಿಯಲಿಲ್ಲ. ಅಪಘಾತದ ಎಳೆತವನ್ನು ತಡೆಯುವುದು ವಾಹನದ ಉಕ್ಕಿನ ಮೈಯೇ ಹೊರತು ಪ್ಲೈವುಡ್ ಅಲ್ಲ.

ಜರ್ಮನಿಯಲ್ಲಿ ಮೂವತ್ತು ವರ್ಷ ದಾಟಿ, ಮೂಲರೂಪವನ್ನು ಚೆನ್ನಾಗಿ ಉಳಿಸಿಕೊಂಡ ವಾಹನಗಳಿಗೆ ‘ಎಚ್’ ಅಕ್ಷರವುಳ್ಳ ವಿಶೇಷ ನಂಬರ್ ಪ್ಲೇಟ್ ದೊರೆಯುತ್ತದೆ. ಆ ಮೈಗೆ ಹೊಸ ತೂತು ಕೊರೆಯಲು ನನ್ನ ಶಿಷ್ಯನಿಗೆ ಮನಸ್ಸು ಬರಲಿಲ್ಲ. ಮಂಚವನ್ನು ಮೊದಲೇ ಇದ್ದ ತೂತುಗಳಿಗೆ ಬೋಲ್ಟ್ ಮಾಡಿ, ಬೇಕೆಂದಾಗ ಬಿಚ್ಚಿ ಹೊರತೆಗೆಯುವಂತೆ ಕಟ್ಟಿದ. 1951ರ ಆ ಪೆಟ್ಟಿಗೆಯ ತತ್ತ್ವಕ್ಕೇ ತಿಳಿಯದೆ ಮರಳಿ ಬಂದಿದ್ದ! ಇದನ್ನು ಹೇಳಿದಾಗ ಅವನಿಗಾದ ಸಂತೋಷ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದಾಗಲೂ ಆಗಿರಲಿಲ್ಲ.

ಜರ್ಮನಿಯಲ್ಲಿ ಆ ಮಾದರಿಯ ತಯಾರಿಕೆ 1979ಕ್ಕೆ ನಿಂತಿತು. ಬ್ರೆಜಿಲ್‌ನಲ್ಲಿ 2013ರ ಡಿಸೆಂಬರಿನವರೆಗೆ ನಡೆದು, ಏರ್‌ಬ್ಯಾಗ್ ಮತ್ತು ಎಬಿಎಸ್ ಬ್ರೇಕ್ ಕಡ್ಡಾಯವಾದಾಗ ಕೊನೆಗೊಂಡಿತು. ಹೊಸ ನಿಯಮಗಳು ಸರಿಯೇ. ಚಾಲಕನ ಮೊಣಕಾಲೇ ಮುಂದಿನ ರಕ್ಷಾಕವಚವಾಗಿದ್ದ ಗಾಡಿಯನ್ನು ಸುರಕ್ಷಿತವೆಂದು ನಾನು ಹೊಗಳಲಾರೆ. ನನ್ನನ್ನು ಕಾಡುವುದು ಬೇರೆ ಮಾತು. ಇಂದು ನಮ್ಮ ಮನೆಯ ಬಹುತೇಕ ಯಂತ್ರಗಳನ್ನು ತೆರೆದು ನೋಡಲು ನಮಗೆ ಬಾರದು. ಕೆಟ್ಟರೆ ಎಸೆಯುತ್ತೇವೆ. ಕೊಂಡದ್ದಕ್ಕೆ ರಸೀದಿ ಇರುತ್ತದೆ. ಆದರೆ ಸರಿಪಡಿಸಲು ತಿಳಿಯದ ವಸ್ತು ನಿಜವಾಗಿ ನಮ್ಮದಾಯಿತೇ?

ಕೋಡಿಬಾಗಕ್ಕೆ ಈಗ ಬಾರ್ಜ್ ಇಲ್ಲ. ಆ ಮೇಲೆ ಬಂದ ಹಳೆಯ ಸೇತುವೆಯೂ 2024ರ ಆಗಸ್ಟಿನಲ್ಲಿ ಕುಸಿದುಬಿತ್ತು. ಆಚಾರಿಯವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಕೆಲಸದ ಚಪ್ಪರವಿದ್ದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಅವರು ಕೂಡಿಸಿದ ಹಲಸಿನ ಹಲಗೆ ಮರಳಿ ಜರ್ಮನಿ ಸೇರಿತೋ, ದಾರಿಯಲ್ಲೇ ಉಳಿಯಿತೋ ಹೇಳಬಲ್ಲವರಿಲ್ಲ. ಕಳೆದ ವಾರ ಶಿಷ್ಯ ಒಂದು ಚಿತ್ರ ಕಳಿಸಿದ. ವ್ಯಾನಿನ ಕಪಾಟಿನ ಬಾಗಿಲ ಒಳಬದಿಗೆ ವಾಲ್ವ್ ಸರಿಪಡಿಸಿದ ದಿನಾಂಕಗಳನ್ನು ಪೆನ್ಸಿಲಿನಲ್ಲಿ ಸಾಲಾಗಿ ಬರೆದಿದ್ದಾನೆ. ಕೊನೆಯ ಸಾಲಿನ ಅಕ್ಷರ ಬೇರೆ, ಸೊಟ್ಟಸೊಟ್ಟ. ಅದು ಅವನ ಹನ್ನೊಂದು ವರ್ಷದ ಮಗಳ ಬರಹವಂತೆ. ಅಂದು ಬೆಳಗಿನ ಚಳಿಯಲ್ಲಿ ಉಕ್ಕಿನ ಪಟ್ಟಿ ಹಿಡಿದು ಸಂದು ಅಳೆದವಳು ಅವಳೇ.