ಸ್ವಲೀನತೆ (ಆಟಿಸಂ) ಇರುವ ಮಗುವಿನ ದೈನಂದಿನ ಪಾಲನೆ: ಧಾರವಾಡ ಜಿಲ್ಲೆಯ ಗ್ರಾಮೀಣ ಪಾಲಕರಿಗೆ ಮಾಹಿತಿ

ಪೀಠಿಕೆ

ಸ್ವಲೀನತೆಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿಯಾಗಿದ್ದು, ಬಾಲ್ಯದಲ್ಲಿಯೇ ಕಾಣಿಸಿಕೊಂಡು ಜೀವನಪರ್ಯಂತ ಇರುತ್ತದೆ. ಇದು ಮಗುವಿನ ಮಾತು, ಇತರರೊಂದಿಗಿನ ಒಡನಾಟ ಮತ್ತು ನಡವಳಿಕೆಯ ಮೇಲೆ ಪರಿಣಾಮ ಬೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರು ಸ್ವಲೀನತೆಯನ್ನು ಹೊಂದಿದ್ದರು. ತಾಯಿಯ ಲಾಲನೆಯ ಕೊರತೆಯಾಗಲಿ, ಲಸಿಕೆಯಾಗಲಿ, ದೃಷ್ಟಿದೋಷವಾಗಲಿ ಇದಕ್ಕೆ ಕಾರಣವಲ್ಲ.

1995ರ ಅಂಗವಿಕಲರ ಅಧಿನಿಯಮದ ಪಟ್ಟಿಯಲ್ಲಿ ಸ್ವಲೀನತೆಯು ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಅಧಿನಿಯಮದಲ್ಲಿ ಇದಕ್ಕೆ ಮೊದಲು ಸ್ಥಾನ ದೊರೆಯಿತು. ದಿನಾಂಕ 19-04-2017ರಿಂದ ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಲಾದ 21 ವಿಧದ ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ಆದುದರಿಂದ ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿರುವ ಇಂತಹ ಮಕ್ಕಳಿಗೂ ಶಿಕ್ಷಣ ಹಾಗೂ ಇತರ ಸೌಲಭ್ಯಗಳು ಹಕ್ಕಿನ ರೂಪದಲ್ಲಿ ಲಭ್ಯವಿರುತ್ತವೆ.

ಸೌಲಭ್ಯಗಳಿಗೆ ಪ್ರಮಾಣಪತ್ರ ಅಗತ್ಯ. ಆದರೆ ಮಗುವಿನ ಪ್ರಗತಿಯ ಹೆಚ್ಚಿನ ಭಾಗವು ಮನೆಯ ದಿನಚರಿಯಲ್ಲಿ ನಡೆಯುತ್ತದೆ. ಈ ಎರಡೂ ಕಾರ್ಯಗಳನ್ನು ಒಂದಕ್ಕೊಂದು ಕಾಯದೆ ಏಕಕಾಲದಲ್ಲಿ ಆರಂಭಿಸಬೇಕೆಂಬುದು ಈ ಮಾಹಿತಿಯ ಮುಖ್ಯ ಉದ್ದೇಶವಾಗಿದೆ.

ಗುರುತಿಸುವ ಲಕ್ಷಣಗಳು

ಕೆಳಕಂಡ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಮಗುವನ್ನು ತಪಾಸಣೆಗೆ ಒಳಪಡಿಸುವುದು ಸೂಕ್ತ.

1. ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡದಿರುವುದು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕಡಿಮೆಯಿರುವುದು.
2. ಒಂದು ವರ್ಷ ತುಂಬಿದರೂ ತೊದಲು ನುಡಿ ಇಲ್ಲದಿರುವುದು. ಬೇಕಾದ ವಸ್ತುವಿನತ್ತ ಬೆರಳು ತೋರಿಸದಿರುವುದು.
3. 16 ತಿಂಗಳಾದರೂ ಒಂಟಿ ಪದಗಳನ್ನು, ಎರಡು ವರ್ಷವಾದರೂ ಎರಡು ಪದಗಳ ಮಾತನ್ನು ಆಡದಿರುವುದು.
4. ಬಂದಿದ್ದ ಮಾತು ಅಥವಾ ಕಲಿತಿದ್ದ ನಡವಳಿಕೆ ಮತ್ತೆ ಇಲ್ಲವಾಗುವುದು.
5. ಕೈ ಅಲುಗಾಡಿಸುವುದು, ಗಿರಗಿರನೆ ತಿರುಗುವುದು, ಒಂದೇ ಆಟವನ್ನು ಗಂಟೆಗಟ್ಟಲೆ ಆಡುವುದು.

"ಅವನ ಅಪ್ಪನಿಗೂ ತಡವಾಗಿಯೇ ಮಾತು ಬಂದಿತ್ತು, ಇವನಿಗೂ ಬರುತ್ತದೆ" ಎಂಬ ಹಿರಿಯರ ಸಮಾಧಾನದ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಅದು ಪ್ರೀತಿಯಿಂದ ಆಡಿದ ಮಾತೇ ಆಗಿದ್ದರೂ ಅದನ್ನು ನಂಬಿ ಕಾಯುವುದರಿಂದ ಮಗುವಿನ ಕಲಿಕೆಗೆ ಅತ್ಯಂತ ಅನುಕೂಲವಾದ ಮೊದಲ ವರ್ಷಗಳು ಕಳೆದುಹೋಗುತ್ತವೆ. ತಪಾಸಣೆಯಿಂದ ಮಗುವಿಗೆ ಯಾವುದೇ ನಷ್ಟವಿಲ್ಲ, ವಿಳಂಬದಿಂದ ನಷ್ಟವಿದೆ.

ತಪಾಸಣೆಗಾಗಿ ಯಾರನ್ನು ಸಂಪರ್ಕಿಸಬೇಕು

ಮೊದಲಿಗೆ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (ಆರ್.ಬಿ.ಎಸ್.ಕೆ.) ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಬಾರಿ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡುವ ವ್ಯವಸ್ಥೆಯಿದೆ. ತಂಡ ಬರುವ ದಿನವನ್ನು ಮುಂಚಿತವಾಗಿ ಕೇಳಿ ತಿಳಿದು, ಆ ದಿನ ಮಗುವನ್ನು ತಪ್ಪದೆ ಹಾಜರುಪಡಿಸಬೇಕು. ತಂಡದ ಭೇಟಿ ದೂರವಿದ್ದಲ್ಲಿ ಕಾಯದೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ತಜ್ಞರನ್ನು ಕಾಣಬಹುದು.

ಮಗುವಿಗೆ ಕಿವಿ ಸರಿಯಾಗಿ ಕೇಳುತ್ತಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಲಾಗುತ್ತದೆ. ಹೆಚ್ಚಿನ ಪರೀಕ್ಷೆಗಾಗಿ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಹಾಗೂ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ (ಜನಬಳಕೆಯಲ್ಲಿ ಕಿಮ್ಸ್) ಜಿಲ್ಲೆಯಲ್ಲಿಯೇ ಇವೆ. ವಾಕ್ ಮತ್ತು ಶ್ರವಣಕ್ಕೆ ಸಂಬಂಧಿಸಿದಂತೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಾರ್ಯನಿರ್ವಹಿಸುತ್ತಿದೆ.

ಆಸ್ಪತ್ರೆಗೆ ಹೋಗುವ ಮುನ್ನ ಮಗುವಿನ ನಡವಳಿಕೆಯನ್ನು ಮೊಬೈಲಿನಲ್ಲಿ ಎರಡು ಮೂರು ನಿಮಿಷ ಚಿತ್ರೀಕರಿಸಿಕೊಳ್ಳುವುದು ಉಪಯುಕ್ತ. ಅಪರಿಚಿತ ಸ್ಥಳದಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ತಾಯಿ ಕಾರ್ಡನ್ನೂ ಹಿಂದಿನ ಚೀಟಿಗಳನ್ನೂ ಒಂದೇ ಕಡತದಲ್ಲಿ ಇಟ್ಟುಕೊಂಡಲ್ಲಿ ಕೂಲಿ ಬಿಟ್ಟು ಮತ್ತೆ ಮತ್ತೆ ಅಲೆದಾಡುವುದು ತಪ್ಪುತ್ತದೆ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

ಅ) ದಿನಚರಿ: ಸ್ವಲೀನತೆ ಇರುವ ಮಗುವಿಗೆ ಮುಂದೇನು ಎಂಬುದು ಗೊತ್ತಿರುವುದು ಬಹು ಮುಖ್ಯ. ಏಳುವುದು, ಸ್ನಾನ, ಊಟ, ಅಂಗನವಾಡಿ ಅಥವಾ ಶಾಲೆ, ನಿದ್ರೆ ಇವು ಸಾಧ್ಯವಾದಷ್ಟು ಒಂದೇ ಕ್ರಮದಲ್ಲಿರಬೇಕು. ಹೆಸರು ಬಿಡಿಸುವ ಅಥವಾ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದರಿಂದ ಈ ಕ್ರಮ ತಪ್ಪುತ್ತದೆ. ಇಂತಹ ಬದಲಾವಣೆಯನ್ನು ಒಂದೆರಡು ದಿನ ಮುಂಚಿತವಾಗಿ ಚಿತ್ರ ತೋರಿಸಿ ಅಥವಾ ಬುತ್ತಿಗಂಟು ತೋರಿಸಿ ಮಗುವಿಗೆ ತಿಳಿಸಬೇಕು.

ಆ) ಸಂವಹನ: ಚಿಕ್ಕ ವಾಕ್ಯಗಳಲ್ಲಿ, ಮಗುವಿನ ಎದುರು ಕುಳಿತು ಮಾತನಾಡಬೇಕು. "ನೀರು ಬೇಕೇನು" ಎಂದು ಕೇಳಿ ತಂಬಿಗೆ ತೋರಿಸಿ ಕೆಲವು ಕ್ಷಣ ಕಾಯಬೇಕು. ಮಗು ಕೈ ಹಿಡಿದು ಎಳೆದರೂ ಅದು ಮಾತೇ ಎಂದು ತಿಳಿದು ಪ್ರತಿಕ್ರಿಯಿಸಬೇಕು. ಚಿತ್ರ ಅಥವಾ ಸನ್ನೆಗಳನ್ನು ಬಳಸುವುದರಿಂದ ಮಾತು ಬರುವುದು ನಿಲ್ಲುತ್ತದೆಂಬುದು ತಪ್ಪು ತಿಳಿವಳಿಕೆ. ಅವು ಮಾತಿಗೆ ನೆರವಾಗುತ್ತವೆ.

ಇ) ಊಟ: ಕೆಲವು ಮಕ್ಕಳು ಒಂದೇ ಬಗೆಯ ಆಹಾರವನ್ನು ಮಾತ್ರ ಸೇವಿಸುತ್ತಾರೆ. ರೊಟ್ಟಿಗೆ ಪಲ್ಯ ತಾಗಿದರೂ ತಟ್ಟೆ ತಳ್ಳುವ ಮಗುವನ್ನು ಹಠಮಾರಿ ಎಂದು ಹೊಡೆಯಬಾರದು. ಇಷ್ಟವಾದ ಆಹಾರದ ಪಕ್ಕದಲ್ಲಿ ಹೊಸದನ್ನು ಚೂರೇ ಇಟ್ಟು, ಮೊದಲು ಮುಟ್ಟಲು, ನಂತರ ಮೂಸಲು, ಆ ಬಳಿಕ ರುಚಿ ನೋಡಲು ಅವಕಾಶ ನೀಡಬೇಕು. ಮಣ್ಣು, ಸುಣ್ಣ ಮುಂತಾದವುಗಳನ್ನು ತಿನ್ನುವ ಮಗುವಿನ ರಕ್ತ ಪರೀಕ್ಷೆ ಮಾಡಿಸಬೇಕು.

ಈ) ಶಬ್ದ ಮತ್ತು ಜನಸಂದಣಿ: ಹೋಳಿಯ ಹಲಗೆಯ ಸದ್ದು, ಜಾತ್ರೆಯ ಧ್ವನಿವರ್ಧಕ, ಮದುವೆಯ ಪಟಾಕಿ ಇವು ಇತರರಿಗೆ ಸಂಭ್ರಮವಾದರೂ ಇಂತಹ ಹಲವು ಮಕ್ಕಳಿಗೆ ಸಹಿಸಲಾಗದ ಹಿಂಸೆಯಾಗುತ್ತವೆ. ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನದಂತಹ ಸಂದರ್ಭಗಳಲ್ಲಿ ಜನ ಕಡಿಮೆಯಿರುವ ಹೊತ್ತನ್ನು ಆರಿಸಿಕೊಂಡು, ಕಿವಿಗೆ ಬಟ್ಟೆ ಕಟ್ಟಿ, ಸ್ವಲ್ಪ ಸಮಯ ಮಾತ್ರ ಕರೆದೊಯ್ಯಬಹುದು. ತೂಗುವಿಕೆಯಿಂದ ಹಲವು ಮಕ್ಕಳು ಶಾಂತರಾಗುತ್ತಾರೆ. ನಾಗರ ಪಂಚಮಿಗೆ ಕಟ್ಟಿದ ಜೋಕಾಲಿಯನ್ನು ಹಬ್ಬ ಮುಗಿದ ಮೇಲೆ ಬಿಚ್ಚದೆ ಉಳಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ.

ಉ) ಕಿರುಚುವಿಕೆ ಮತ್ತು ಹೊರಳಾಟ: ಮಗು ನೆಲಕ್ಕೆ ಬಿದ್ದು ಹೊರಳಾಡುವಾಗ ಬೈಯುವುದರಿಂದಾಗಲಿ ಬುದ್ಧಿ ಹೇಳುವುದರಿಂದಾಗಲಿ ಪ್ರಯೋಜನವಿಲ್ಲ. ಸುತ್ತಲಿನ ಜನರನ್ನು ದೂರ ಕಳುಹಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಮೌನವಾಗಿ ಹತ್ತಿರವಿರಬೇಕು. ಮಗು ಶಾಂತವಾದ ಮೇಲೆ, ಅದಕ್ಕೂ ಮೊದಲು ಏನಾಯಿತು ಎಂಬುದನ್ನು ಬರೆದಿಡಬೇಕು. ಒಂದು ತಿಂಗಳು ಹೀಗೆ ಬರೆದಲ್ಲಿ ಹಸಿವು, ಶಬ್ದ, ಹಲ್ಲುನೋವು, ದಾರಿಯ ಬದಲಾವಣೆ ಮುಂತಾದ ಕಾರಣ ಸಾಮಾನ್ಯವಾಗಿ ತಿಳಿದುಬರುತ್ತದೆ.

ಊ) ಸುರಕ್ಷತೆ: ಇದು ಅತ್ಯಂತ ಗಂಭೀರ ವಿಷಯ. ಸ್ವಲೀನತೆ ಇರುವ ಅನೇಕ ಮಕ್ಕಳು ಹೇಳದೆ ಮನೆಯಿಂದ ಹೊರಟುಬಿಡುತ್ತಾರೆ ಮತ್ತು ನೀರಿನ ಕಡೆಗೆ ಸೆಳೆಯಲ್ಪಡುತ್ತಾರೆ. ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಕೃಷಿ ಹೊಂಡ, ಕೆರೆ, ಕಾಲುವೆ ಹಾಗೂ ಮಳೆಗಾಲದಲ್ಲಿ ಬೆಣ್ಣಿಹಳ್ಳದಂತಹ ಹಳ್ಳಗಳು ಸಮೀಪದಲ್ಲಿಯೇ ಇರುವುದರಿಂದ ಕೆಳಕಂಡ ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು.

- ಹೊರಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಗೂ ಬಾಗಿಲು ತೆರೆದೊಡನೆ ಕೇಳಿಸುವಂತೆ ಗಂಟೆ ಅಳವಡಿಸುವುದು.
- ಸ್ವಂತ ಹೊಲದ ಕೃಷಿ ಹೊಂಡಕ್ಕೆ ಸುತ್ತಲೂ ಬೇಲಿ ಹಾಕುವುದು.
- ಪಾಲಕರ ಮೊಬೈಲ್ ಸಂಖ್ಯೆಯನ್ನು ಮಗುವಿನ ಅಂಗಿಯ ಒಳಭಾಗದಲ್ಲಿ ಅಥವಾ ಕೊರಳ ತಾಯಿತದಲ್ಲಿ ಬರೆದಿಡುವುದು.
- ನೆರೆಹೊರೆಯವರಿಗೂ ಅಂಗಡಿಯವರಿಗೂ ಮಗುವಿನ ಪರಿಚಯ ಮಾಡಿಕೊಡುವುದು.
- ಮಗು ಕಾಣೆಯಾದಲ್ಲಿ ಮೊದಲು ನೀರಿರುವ ಸ್ಥಳಗಳಲ್ಲಿ ಹುಡುಕುವುದು ಮತ್ತು ತಡಮಾಡದೆ 112ಕ್ಕೆ ಕರೆ ಮಾಡುವುದು.
- ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿದ ಸ್ಥಳದಲ್ಲಿ ಇಡುವುದು.

ಶಿಕ್ಷಣ

ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ಅಧಿನಿಯಮದ 31ನೇ ಪ್ರಕರಣವು ನೀಡಿದೆ. ವೈಕಲ್ಯದ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆಯು ಪ್ರವೇಶ ನಿರಾಕರಿಸುವಂತಿಲ್ಲ. ನಿರಾಕರಿಸಿದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬೇಕು.

ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿ.ಐ.ಇ.ಆರ್.ಟಿ.) ಮಗುವಿಗೆ ತಕ್ಕ ಕಲಿಕಾ ಯೋಜನೆ ರೂಪಿಸಲು ನೆರವಾಗುತ್ತಾರೆ. ಶಾಲೆಗೆ ಬರಲಾಗದಂತಹ ತೀವ್ರ ವೈಕಲ್ಯವಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಹಾಗೂ ತೃತೀಯ ಭಾಷೆಯಿಂದ ವಿನಾಯಿತಿಗೆ 17ನೇ ಪ್ರಕರಣದಲ್ಲಿ ಅವಕಾಶ ಕಲ್ಪಿಸಲಾಗಿದೆ. ಅಂಗನವಾಡಿಗಳಲ್ಲಿ ಇಂತಹ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಬಗ್ಗೆ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಪ್ರಮಾಣಪತ್ರ ಮತ್ತು ಸೌಲಭ್ಯಗಳು

ವೈಕಲ್ಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಮಗುವಿನ ಭಾವಚಿತ್ರ, ಆಧಾರ್ ಮತ್ತು ವಿಳಾಸದ ದಾಖಲೆ ಅಗತ್ಯ. ನಂತರ ಸೂಚಿಸಿದ ಆಸ್ಪತ್ರೆಯಲ್ಲಿ ತಜ್ಞರು ಮಗುವನ್ನು ಪರೀಕ್ಷಿಸಿ ವೈಕಲ್ಯದ ಪ್ರಮಾಣವನ್ನು ನಿರ್ಧರಿಸುತ್ತಾರೆ. ಪ್ರಮಾಣಪತ್ರಕ್ಕೆ ಅವಧಿ ನಿಗದಿಯಾಗಿದ್ದಲ್ಲಿ ಅದು ಮುಗಿಯುವ ಮುನ್ನವೇ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹಾಗೂ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವನ್ನು ಪಡೆಯಬಹುದು.

ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ಪ್ರಮಾಣದ ವೈಕಲ್ಯ ದೃಢಪಟ್ಟಲ್ಲಿ, ನಿಗದಿತ ಷರತ್ತುಗಳಿಗೆ ಒಳಪಟ್ಟು ಕೆಳಕಂಡ ಮೊದಲೆರಡು ಸೌಲಭ್ಯಗಳನ್ನು ಕೋರಬಹುದು. ಮೂರನೆಯದು ರಾಷ್ಟ್ರೀಯ ನ್ಯಾಸದ ಯೋಜನೆಯಾಗಿರುತ್ತದೆ.

1. ಮಾಸಿಕ ಪಿಂಚಣಿ: ಕುಟುಂಬದ ಆದಾಯ ಮಿತಿಗೆ ಒಳಪಟ್ಟಿದ್ದು, ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು.
2. ರಿಯಾಯಿತಿ ಬಸ್ ಪಾಸ್: ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯೊಳಗೆ. ಮಗುವಿನೊಂದಿಗೆ ಬರುವ ತಾಯಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಅವಕಾಶವಿದೆ.
3. ನಿರಾಮಯ ಆರೋಗ್ಯ ವಿಮೆ: ವಾರ್ಷಿಕ 1 ಲಕ್ಷ ರೂ.ವರೆಗೆ; ಚಿಕಿತ್ಸೆಯೊಂದಿಗೆ ಥೆರಪಿ ವೆಚ್ಚವೂ ಒಳಗೊಂಡಿದೆ.

ಮಗುವಿಗೆ 18 ವರ್ಷ ತುಂಬಿದ ಮೇಲೆ ಬ್ಯಾಂಕ್ ಹಾಗೂ ಆಸ್ತಿ ವ್ಯವಹಾರಗಳಿಗೆ ಕಾನೂನುಬದ್ಧ ಪಾಲಕರ ಅಗತ್ಯವಿದ್ದಲ್ಲಿ, 1999ರ ಅಧಿನಿಯಮದಡಿ ಜಿಲ್ಲಾಧಿಕಾರಿಗಳನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. "ನಮ್ಮ ನಂತರ ಇವನನ್ನು ನೋಡಿಕೊಳ್ಳುವವರು ಯಾರು" ಎಂಬ ಚಿಂತೆ ಎಲ್ಲ ಪಾಲಕರಲ್ಲಿಯೂ ಇರುವುದರಿಂದ ಈ ವಿಷಯವನ್ನು ಕುಟುಂಬದಲ್ಲಿ ಮುಂಚಿತವಾಗಿ ಚರ್ಚಿಸುವುದು ಒಳಿತು.

ಪಾಲಕರ ಆರೋಗ್ಯ

ಮಗುವಿನ ಆರೈಕೆಯ ಹೊರೆ ಬಹುತೇಕ ತಾಯಿಯ ಮೇಲೆಯೇ ಬೀಳುತ್ತದೆ. ನಿದ್ರೆಯಿಲ್ಲದ ರಾತ್ರಿಗಳ ಜೊತೆಗೆ ನೆಂಟರ ಮಾತುಗಳನ್ನೂ ಆಕೆ ಸಹಿಸಬೇಕಾಗುತ್ತದೆ. ತಂದೆ, ಅಜ್ಜ, ಅಜ್ಜಿ ಇವರು ದಿನಕ್ಕೆ ಒಂದು ಗಂಟೆಯಾದರೂ ಮಗುವಿನ ಪೂರ್ಣ ಹೊಣೆ ಹೊತ್ತು ತಾಯಿಗೆ ಬಿಡುವು ನೀಡಬೇಕು. ಒಡಹುಟ್ಟಿದವರಿಗೂ ಪ್ರತ್ಯೇಕ ಸಮಯ ಮೀಸಲಿಡಬೇಕು. ಪಾಲಕರಿಗೆ ನಿರಂತರ ದುಃಖ, ಸಿಟ್ಟು ಅಥವಾ ಬದುಕು ಬೇಡವೆಂಬ ಭಾವನೆ ಉಂಟಾದಲ್ಲಿ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಯಾವುದೇ ಸಮಯದಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರ: ಸ್ವಲೀನತೆಯನ್ನು ಪೂರ್ಣವಾಗಿ ಗುಣಪಡಿಸುವ ಔಷಧಿ ಇದೆಯೇ?
ಉ: ಇಲ್ಲ. ನಿದ್ರಾಹೀನತೆ, ಮೂರ್ಛೆರೋಗ ಮುಂತಾದ ಜೊತೆಗಿನ ತೊಂದರೆಗಳಿಗೆ ವೈದ್ಯರು ಔಷಧಿ ನೀಡಬಹುದು. ತರಬೇತಿಯಿಂದ ಮಾತು, ಸ್ವಾವಲಂಬನೆ ಹಾಗೂ ನಡವಳಿಕೆಯಲ್ಲಿ ಸುಧಾರಣೆ ಸಾಧ್ಯ.

ಪ್ರ: ಸ್ಟೆಮ್ ಸೆಲ್ ಚಿಕಿತ್ಸೆಗಾಗಿ ಹೊಲ ಮಾರಿ ಹಣ ಹೊಂದಿಸಬಹುದೇ?
ಉ: ಬೇಡ. ಸ್ವಲೀನತೆಗೆ ಇಂತಹ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯು 2022ರಲ್ಲಿ ಶಿಫಾರಸು ಮಾಡಿಲ್ಲ. ಖಚಿತ ಗುಣದ ಭರವಸೆ ನೀಡಿ ಹಣ ಕೇಳುವ ಯಾರನ್ನೂ ನಂಬಬಾರದು.

ಪ್ರ: ದೇವರಿಗೆ ಹರಕೆ ಹೊತ್ತಿದ್ದು, ಅದು ತೀರಿದ ನಂತರ ತಪಾಸಣೆ ಮಾಡಿಸಬಹುದೇ?
ಉ: ಹರಕೆ ಕುಟುಂಬದ ನಂಬಿಕೆಗೆ ಬಿಟ್ಟ ವಿಷಯ. ಆದರೆ ತಪಾಸಣೆಯನ್ನು ಅದಕ್ಕಾಗಿ ಮುಂದೂಡಬಾರದು. ಮಗುವಿಗೆ ಬರೆ ಹಾಕಿಸುವುದು, ಹೊಡೆಯುವುದು ಅಥವಾ ಕಟ್ಟಿಹಾಕುವುದನ್ನು ಯಾವ ಕಾರಣಕ್ಕೂ ಮಾಡಕೂಡದು.

ಪ್ರ: ಮಗು ಮುಂದೆ ದುಡಿದು ಬದುಕಬಲ್ಲದೇ?
ಉ: ಸ್ವಲೀನತೆಯ ಪ್ರಮಾಣ ಎಲ್ಲರಲ್ಲಿಯೂ ಒಂದೇ ಆಗಿರುವುದಿಲ್ಲ. ಕೆಲವರು ಉನ್ನತ ಶಿಕ್ಷಣ ಪಡೆದು ನೌಕರಿ ಮಾಡುತ್ತಾರೆ. ಕೆಲವರಿಗೆ ಜೀವನಪರ್ಯಂತ ನೆರವು ಬೇಕಾಗುತ್ತದೆ. ಸ್ನಾನ, ಬಟ್ಟೆ ಧರಿಸುವುದು, ದನಕ್ಕೆ ನೀರು ಕುಡಿಸುವುದು, ಕಾಳು ಹಸನು ಮಾಡುವುದು ಮುಂತಾದ ಕೆಲಸಗಳನ್ನು ಚಿಕ್ಕ ಹಂತಗಳಾಗಿ ಕಲಿಸಿದಲ್ಲಿ ಬಹುತೇಕ ಮಕ್ಕಳು ಮನೆಗೆ ನೆರವಾಗುವಷ್ಟು ಬೆಳೆಯುತ್ತಾರೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಧಾರವಾಡದಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಕೆಲಸದ ದಿನಗಳಲ್ಲಿ ಸಂಪರ್ಕಿಸಬಹುದಾಗಿದೆ.